ಪರೀಕ್ಷೆ ಮಾಡ್ದೆ ಕಾಸು ಬಿಚ್ಬ್ಯಾಡಿ

ಹೋದ ಸೋಮವಾರ ಸಿರಾದಿಂದ ನಮ್ಮ ನಾದಿನಿ ಫೋನ್ ಮಾಡಿದ್ಲು. "ಅತ್ಗೆ, ನಮ್ಮನೆ ಕಂಪ್ಯೂಟರು ನೀಲಿ ಸ್ಕ್ರೀನ್ ಬಂದು ತಾನೇ ಆಫ್ ಆಗ್ತೈತೆ, ದಿನಕ್ಕೆ ಮೂರ್ ಮೂರ್ ಸಲ. ಅಂಗಡಿಯೋನು ಫಾರ್ಮ್ಯಾಟ್ ಮಾಡ್ಬೇಕು, ಎಂಟ್ನೂರು ಆಗ್ತದೆ ಅಂತವ್ನೆ" ಅಂದ್ಲು. ಒಲೆ ಮೇಲೆ ಹುಳಿ ಕುದೀತಿತ್ತು. ಉಕ್ಕಿದ್ರೆ ಉಕ್ಕಲಿ ಅಂತ ಬಿಟ್ಟು, "ಬ್ಯಾಡ ಕಣಮ್ಮ, ಒಂದ್ ರೂಪಾಯಿನೂ ಕೊಡಬ್ಯಾಡ. ಮೊದ್ಲು ರ‍್ಯಾಮ್ ಪರೀಕ್ಷೆ ಮಾಡ್ಸು" ಅಂದೆ. ಅವ್ಳು ಕಿಸಕ್ಕಂತ ನಕ್ಕು, "ನೀವ್ಯಾವಾಗ ಇಂಜಿನಿಯರ್ ಆದ್ರಿ ಅತ್ಗೆ?" ಅಂದ್ಲು.

ಆ ನಗುಗೇ ಇದನ್ನ ಬರೀತಾ ಇರೋದು. ನಾನು ಓದಿರೋದು ಪಿಯುಸಿ, ಅದೂ ಆರ್ಟ್ಸು. ಇದಕ್ಕೆ ಇಂಜಿನಿಯರ್ ಆಗ್ಬೇಕಿಲ್ಲ. ಸಂತೇಲಿ ಮಡಕೆ ತಗೊಳ್ಳೋವಾಗ ಬೆರಳಲ್ಲಿ ತಟ್ಟಿ ಸದ್ದು ಕೇಳ್ತೀವಿ. ತೆಂಗಿನಕಾಯಿ ಕಿವಿ ಹತ್ರ ಇಟ್ಟು ಅಲ್ಲಾಡಿಸ್ತೀವಿ. ಕಡ್ಲೆಕಾಯಿ ಮೂಟೆ ತಗೊಳ್ಳೋಕೆ ಮುಂಚೆ ನಾಕು ಒಡೆದು ಬಾಯಿಗೆ ಹಾಕ್ಕೋತೀವಿ. ಮೂವತ್ತು ಸಾವಿರದ ಕಂಪ್ಯೂಟರ್ ಮಾತ್ರ ಯಾರೋ ಮುಟ್ಟದೇನೇ "ಇದು ಹೋಗೈತೆ, ಅದು ಹೋಗೈತೆ" ಅಂದ್ರೆ ತಲೆ ಅಲ್ಲಾಡಿಸಿ ಪರ್ಸ್ ತೆಗೀತೀವಲ್ಲ, ಯಾಕೆ?

ನಮ್ಮನೇದು ಕೇಳಿ. ನಮ್ಮ ಬೀದಿ ಸ್ತ್ರೀಶಕ್ತಿ ಸಂಘದ ಲೆಕ್ಕ ನಾನೇ ಬರಿಯೋದು ಅಂತ ನಿಮಗೆ ಗೊತ್ತು. ಹದಿನೆಂಟು ಜನ, ವಾರಕ್ಕೆ ನೂರು ರೂಪಾಯಿ ಉಳಿತಾಯ, ಮೇಲೆ ಸಾಲದ ಕಂತು, ಬಡ್ಡಿ. ಮಗಳು ಕಾಲೇಜು ಮುಗಿಸಿ ಓದ ಮೇಲೆ ಅವಳ ಹಳೇ ಡೆಸ್ಕ್‌ಟಾಪಿನಲ್ಲಿ ಎಕ್ಸೆಲ್ ಕಲಿತು ಅದರಲ್ಲೇ ಹಾಕ್ತಿದ್ದೆ. ಒಂದಿನ ಕಂತು ಬರೀತಾ ಇದ್ದಂಗೇ ನೀಲಿ ಆಯ್ತು. ಆಮೇಲೆ ದಿನಾ ಅದೇ. ಒಂದ್ಸಲ ಅರ್ಧ ಗಂಟೆ ಸಂದಾಕೆ ಓಡ್ತದೆ, ಇನ್ನೊಂದ್ಸಲ ಆನ್ ಮಾಡಿದ ಎರಡೇ ನಿಮಿಷಕ್ಕೆ ಆಫ್. ನಮ್ಮನೆಯೋರು ಏನಂದ್ರು ಗೊತ್ತಾ? "ನೀನೇ ಏನೋ ಒತ್ತಿರ್ತೀಯ." ಮನೇಲಿ ಮಿಕ್ಸಿ ಕೆಟ್ರೂ ನಾನೇ ಏನೋ ಹಾಕಿರ್ತೀನಿ, ಮೋಟಾರ್ ಸುಟ್ರೂ ನಾನೇ ಬಿಟ್ಟಿರ್ತೀನಿ. ಕೊನೇಲಿ ಮುಟ್ಟಿದೋರ ತಲೆ ಮೇಲೆ ಹಾಕೋದು ಸುಲಭ.

ಅಂಗಡಿಗೆ ಹೊತ್ಕೊಂಡು ಓದ್ರೆ, "ಆಂಟಿ, ವೈರಸ್ ಐತೆ" ಅಂತ ಫಾರ್ಮ್ಯಾಟ್ ಮಾಡಿ ಕೊಟ್ರು. ವಾರಕ್ಕೆ ಮತ್ತೆ ನೀಲಿ. ಎರಡನೇ ಸಲನೂ ಫಾರ್ಮ್ಯಾಟು. ಮೂರನೇ ಸಲಕ್ಕೆ "ಬೋರ್ಡ್ ಹೋಗೈತೆ, ಹಳೇ ಸಿಸ್ಟಮ್ಮು, ಹೊಸದೇ ತಗೊಂಡ್ಬಿಡಿ" ಅಂದ್ರು. ಎರಡು ಸಲಕ್ಕೆ ಸಾವಿರದಾರ್ನೂರು ಓಯ್ತು. ಅದಕ್ಕಿಂತ ಉರಿ ಎತ್ತಿದ್ದು ಬ್ಯಾರೆ. ಎರಡನೇ ಸಲ ನನ್ನ ಫೈಲೆಲ್ಲ ಕಾಪಿ ಮಾಡಿ ಇಟ್ಟು ವಾಪಸ್ ಹಾಕಿದ್ರಲ್ಲ, ಆ ಸಂಘದ ಫೈಲು ತೆಗೆದ್ರೆ "ಫೈಲ್ ಹಾಳಾಗಿದೆ" ಅಂತ ಬಂತು. ಮೂರು ತಿಂಗಳ ಲೆಕ್ಕ!

ಮುಂದಿನ ಸಭೇಲಿ ಹೇಳಿದೆ. ಎಲ್ಲಾ ಸುಮ್ನಾದ್ರು. ಹಿಂದಿಂದ ಒಬ್ಬಾಕೆ ಮೆಲ್ಲಗೆ, "ಲೆಕ್ಕ ಸರಿ ಇದ್ರೆ ಕಂಪ್ಯೂಟರ್ ಯಾಕ್ ಕೆಡ್ತದೆ" ಅಂದ್ಲು. ಹೆಸರು ಬರಿಯಲ್ಲ, ಅವ್ಳೂ ಇದನ್ನ ಓದ್ತಾಳೆ. ಏಳು ವರ್ಷದಿಂದ ಒಂದು ರೂಪಾಯಿ ಆಚೀಚೆ ಮಾಡ್ದೆ ಇರೋಳು ನಾನು. ಆ ರಾತ್ರಿ ಮುದ್ದೆ ಗಂಟ್ಲಲ್ಲಿ ಇಳೀಲಿಲ್ಲ. ಆಮೇಲೆ ಹದಿನೆಂಟು ಮನೆಗೂ ಓಗಿ, ಒಬ್ಬೊಬ್ರ ಪಾಸ್‌ಬುಕ್ಕೂ ಇಸ್ಕೊಂಡು, ಕೈಯಲ್ಲೇ ಪುಸ್ತಕಕ್ಕೆ ಬರೆದೆ. ನಾಕು ದಿನ ಹಿಡೀತು. ಲೆಕ್ಕ ತಾಳೆ ಆಯ್ತು. ಆದ್ರೆ ಆ ಮಾತು?

ಕೊನೆಗೆ ಪಾವಗಡದಲ್ಲಿರೋ ತಂಗಿ ಮಗ ಫೋನಲ್ಲೇ ಹೇಳಿಕೊಟ್ಟ. "ದೊಡ್ಡಮ್ಮ, ಕೀಬೋರ್ಡಲ್ಲಿ ವಿಂಡೋಸ್ ಗುರುತಿನ ಕೀ ಜೊತೆ ಆರ್ ಒತ್ತಿ. ಸಣ್ಣ ಚೌಕ ಬರ್ತದೆ. ಅದರಲ್ಲಿ ಎಂ, ಡಿ, ಎಸ್, ಸಿ, ಎಚ್, ಇ, ಡಿ ಅಂತ ಬರೆದು ಎಂಟರ್ ಒತ್ತಿ" ಅಂದ. ಅಷ್ಟೇ. ಮಿಷನ್ನು ತಾನೇ ರೀಸ್ಟಾರ್ಟ್ ಆಗಿ ಪರೀಕ್ಷೆಗೆ ಕೂತ್ಕೊಂತು. ಇದು ಹೊಸದಾಗಿ ಕಂಡುಹಿಡಿದಿದ್ದಲ್ಲ ಕಣ್ರೇ. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಿಂದ ಎಲ್ಲಾ ವಿಂಡೋಸ್ ಒಳಗೂ ಪುಕ್ಕಟೆ ಕೂತೈತೆ. ಮೂರು ಸಲ ಹೊತ್ಕೊಂಡು ಓದ್ನಲ್ಲ, ಅಂಗಡೀಲಿ ಒಬ್ರೂ ಇದರ ಸುದ್ದಿ ಎತ್ತಲಿಲ್ಲ. ಕಾಲು ಗಂಟೆ ಆಗಿರ್ಬೇಕು, ಹಾರ್ಡ್‌ವೇರ್ ತೊಂದರೆ ಕಂಡುಬಂದಿದೆ ಅಂತ ಇಂಗ್ಲಿಷಲ್ಲಿ ಬಂತು. ನಾನು ಓದಿ ಹೇಳಿದ್ರೆ ಹುಡುಗ ಆ ಕಡೆಯಿಂದ "ಸಿಕ್ತು ಬಿಡಿ ಕಳ್ಳ" ಅಂದ.

ರ‍್ಯಾಮ್ ಅಂದ್ರೆ ಹಣಿಗೆ ತರದ ಒಂದು ಪಟ್ಟಿ, ಸಿಪಿಯು ಡಬ್ಬದೊಳಗೆ ಸಿಗಿಸಿರ್ತಾರೆ. ನಾವು ಈಗ ಮಾಡ್ತಿರೋ ಕೆಲಸ ಎಲ್ಲ ಆ ಹೊತ್ತಿಗೆ ಅಲ್ಲಿ ಇರ್ತದೆ. ಅಳಗುಳಿ ಮಣೆ ನೆನಸ್ಕೊಳ್ಳಿ. ಅದಕ್ಕೆ ಹದಿನಾಲ್ಕು ಗುಳಿ. 4 ಜಿಬಿ ಪಟ್ಟಿಗೆ 429 ಕೋಟಿ ಗುಳಿ, ಒಂದೊಂದು ಗುಳೀಲೂ ಎಂಟೆಂಟು ಹುಣಸೆಬೀಜ ಅಂತ ತಿಳ್ಕೊಳ್ಳಿ. ಅದರಲ್ಲಿ ಒಂದು ಗುಳಿ ತಳ ಒಡೆದಿದ್ರೆ? ಬೇರೆ ಗುಳೀಲಿ ಆಟ ನಡೆಯೋವರೆಗೂ ಗೊತ್ತಾಗಲ್ಲ. ಆ ಗುಳಿಗೆ ಬೀಜ ಬಿದ್ದ ದಿನ ಲೆಕ್ಕ ತಪ್ತದೆ. ಅದಕ್ಕೇ ಒಂದಿನ ಓಡ್ತದೆ, ಒಂದಿನ ಸಾಯ್ತದೆ. ಅಂಗಡಿಯೋರು ಹತ್ತು ನಿಮಿಷ ಆನ್ ಮಾಡಿ "ನೋಡಿ ಆಂಟಿ, ಚೆನ್ನಾಗೈತೆ" ಅನ್ನೋದೂ ಅದಕ್ಕೇ. ಪರೀಕ್ಷೆ ಅಂದ್ರೆ ಇನ್ನೇನಿಲ್ಲ, ಎಲ್ಲಾ ಗುಳಿಗೂ ಬೀಜ ಹಾಕಿ, ತಿರುಗಿ ಎತ್ತಿ, ಹಾಕಿದಷ್ಟೇ ಐತಾ ಅಂತ ಎಣಿಸೋದು. ಫಾರ್ಮ್ಯಾಟ್ ಮಾಡಿದ್ರೆ ಒಡೆದ ಗುಳಿ ಮುಚ್ಕೊಳ್ತದಾ? ನನ್ನ ಫೈಲ್ ಕಾಪಿ ಮಾಡಿದ್ದೂ ಇದೇ ಮಿಷನ್ನಲ್ಲಿ, ಇದೇ ಒಡಕು ಗುಳಿ ದಾಟಿಸಿ. ತೂತು ಕೊಡದಲ್ಲಿ ನೀರು ಹೊತ್ತು ಹಂಡೆ ಯಾಕೆ ತುಂಬಲಿಲ್ಲ ಅಂದಂಗೆ.

ಒಂದು ಬೀಜ ಆಚೀಚೆ ಆದ್ರೆ ಏನಾಗ್ತದೆ ಅಂತೀರಾ? ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಅನ್ನೋ ಊರಲ್ಲಿ 2003ರ ಚುನಾವಣೇಲಿ ಒಬ್ಬ ಅಭ್ಯರ್ಥಿಗೆ 4,096 ಮತ ಜಾಸ್ತಿ ಬಂದಿತ್ತು. ಬರೋಕೆ ಸಾಧ್ಯವೇ ಇಲ್ಲದಷ್ಟು ಮತ ಅಂತ ಸಿಕ್ಕಿಬಿತ್ತು. ಎರಡನ್ನ ಹನ್ನೆರಡು ಸಲ ಗುಣಿಸಿ ನೋಡಿ, ಸರಿಯಾಗಿ 4,096. ಕಂಪ್ಯೂಟರಿನ ಮೆಮೊರೀಲಿ ಒಂದೇ ಒಂದು ಬೀಜ ತಿರುಗಿರ್ಬೇಕು ಅಂತ ತಿಳಿದೋರು ಅಂದ್ರು. ಅಲ್ಲಿ ಒಂದ್ಸಲ ತಿರುಗಿದ್ದು, ನಮ್ಮನೇಲಿ ದಿನಾ. ಓಟಿನ ಲೆಕ್ಕವೇ ಹಿಂಗಾದ್ರೆ ನಮ್ಮ ನೂರು ರೂಪಾಯಿ ಕಂತು ಯಾವ ಲೆಕ್ಕ!

ಅಂಗಡಿಯೋರೆಲ್ಲ ಕಳ್ಳರು ಅಂತ ನಾನು ಅನ್ನಲ್ಲ. ಅವರದೂ ಹೊಟ್ಟೆಪಾಡು. ಫಾರ್ಮ್ಯಾಟಿಗೆ ಎಂಟ್ನೂರು ಸಿಗ್ತದೆ, ಪರೀಕ್ಷೆ ಅಂತ ರಾತ್ರಿಯೆಲ್ಲ ಮಿಷನ್ ಓಡಿಸಿದ್ರೆ ಯಾರು ಕಾಸು ಕೊಡ್ತಾರೆ? ತಪ್ಪು ನಮ್ಮದೂ ಐತೆ. ಕೆಲಸ ಕಣ್ಣಿಗೆ ಕಂಡ್ರೆ ಕೊಡ್ತೀವಿ, ಕಾರಣ ಹುಡುಕಿದ್ರೆ ಕೊಡಲ್ಲ. ಇನ್ಮೇಲೆ ಓದಾಗ, "ಪರೀಕ್ಷೆಗೇ ಇನ್ನೂರು ರೂಪಾಯಿ ಕೊಡ್ತೀನಿ, ಮೆಮ್‌ಟೆಸ್ಟ್ ಹಾಕಿ ರಾತ್ರಿಯೆಲ್ಲ ಬಿಡಿ, ಬೆಳಗ್ಗೆ ಸ್ಕ್ರೀನ್ ಫೋಟೋ ತೋರಿಸಿ" ಅನ್ನಿ. ಮೆಮ್‌ಟೆಸ್ಟ್86 ಅಂತ ಅದೊಂದು ಪ್ರೋಗ್ರಾಂ, ಕ್ರಿಸ್ ಬ್ರೇಡಿ ಅನ್ನೋರು 1994ರಲ್ಲಿ ಮಾಡಿದ್ದು. ಅದರಿಂದಲೇ ಹುಟ್ಟಿದ ಮೆಮ್‌ಟೆಸ್ಟ್86 ಪ್ಲಸ್ ಪೂರ್ತಿ ಪುಕ್ಕಟೆ. ಪೆನ್‌ಡ್ರೈವಲ್ಲಿ ಹಾಕಿ ಆನ್ ಮಾಡಿದ್ರೆ ವಿಂಡೋಸಿನ ಹಂಗಿಲ್ದೆ ಓಡ್ತದೆ. ವಿಂಡೋಸಿನ ಪರೀಕ್ಷೇಲಿ ತಪ್ಪಿಸ್ಕೊಂಡಿದ್ದು ಇದರಲ್ಲಿ ಸಿಗೋದುಂಟು. ಒಂದೇ ಒಂದು ತಪ್ಪು ತೋರಿಸಿದ್ರೂ ಫೇಲು. "ಒಂದೇ ಅಲ್ವಾ ಪರವಾಗಿಲ್ಲ" ಅಂದ್ರೆ ಒಪ್ಪಬ್ಯಾಡಿ.

ತಪ್ಪು ಬಂತು ಅಂತ ಆಗಲೇ ಪಟ್ಟಿ ಎಸೀಬ್ಯಾಡಿ. ಸ್ವಿಚ್ ಆರಿಸಿ, ವೈರ್ ಪೂರ್ತಿ ಕಿತ್ತು, ಡಬ್ಬದ ತಗಡು ಒಂದ್ಸಲ ಮುಟ್ಟಿ, ಆಮೇಲೆ ಪಟ್ಟಿ ಅಂಚು ಹಿಡ್ಕೊಂಡು ತೆಗೀರಿ. ಹಳದಿ ಹಲ್ಲಿನ ಮೇಲೆ ಮಕ್ಕಳ ಅಳಿಸೋ ರಬ್ಬರಲ್ಲಿ ಹಗೂರಕ್ಕೆ ಉಜ್ಜಿ, ಒಣ ಬಟ್ಟೇಲಿ ಒರೆಸಿ ಹಾಕಿದ್ರೆ ಎಷ್ಟೋ ಸಲ ಸರಿಹೋಗ್ತದೆ. ನಮ್ಮ ಕಡೆ ಧೂಳು ನಿಮಗೆ ಹೇಳ್ಬೇಕಾ. ಎರಡು ಪಟ್ಟಿ ಇದ್ರೆ ಒಂದೊಂದೇ ಹಾಕಿ ಪರೀಕ್ಷೆ ಮಾಡಿ, ಯಾವುದು ಕೆಟ್ಟಿದ್ದು ಗೊತ್ತಾಗ್ತದೆ. ಒಳ್ಳೇ ಪಟ್ಟಿನೂ ಒಂದು ತೂತಲ್ಲಿ ಓಡಿ ಇನ್ನೊಂದ್ರಲ್ಲಿ ಓಡ್ದಿದ್ರೆ ಆಗ ಬೋರ್ಡಿನ ಮೇಲೆ ಅನುಮಾನ ಪಡಿ. ನಮ್ಮನೇದು ಉಜ್ಜಿದ್ರೂ ಸರಿಹೋಗಲಿಲ್ಲ. ಎರಡರಲ್ಲಿ ಒಂದು ಕೆಟ್ಟಿತ್ತು. ಅದನ್ನ ಕಿತ್ತು ಬೇರೆ ಹಾಕ್ಸಿದೆ, ಸಾವಿರದ ಇನ್ನೂರು. ಎಂಟು ತಿಂಗಳಾಯ್ತು, ಒಂದಿನ ನೀಲಿ ಆಗಿಲ್ಲ. ಕೆಟ್ಟ ಪಟ್ಟಿನ ಸಂಘದ ಸಭೆಗೆ ತಗೊಂಡೋಗಿ, ಪರೀಕ್ಷೆ ಫೋಟೋ ಸಮೇತ ಎಲ್ಲರ ಕೈಗೂ ಕೊಟ್ಟೆ. ಆ ಮಾತಾಡಿದೋಳೂ ತಿರುವಿ ತಿರುವಿ ನೋಡಿದ್ಲು.

ಎಲ್ಲಾ ರ‍್ಯಾಮಿಂದೇ ಅಂತ ನಾನು ಹೇಳ್ತಿಲ್ಲ. ಫ್ಯಾನಿಗೆ ಧೂಳು ಕಟ್ಟಿ ಬಿಸಿ ಆದ್ರೂ ಆಫ್ ಆಗ್ತದೆ, ಕರೆಂಟ್ ಡಬ್ಬ ಸೋತ್ರೂ ಆಗ್ತದೆ. ವೋಲ್ಟೇಜ್ ಕತೆಯಂತೂ ಕೇಳಬ್ಯಾಡಿ. ಪಾವಗಡದ ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೇಲಿ 2,050 ಮೆಗಾವಾಟ್ ಸೋಲಾರ್ ಹಾಕವ್ರೆ, ನಮ್ಮನೇಲಿ ಸಂಜೆ ಬಲ್ಬು ಮಿಣುಕು ಮಿಣುಕು ಅಂತದೆ. ಅದಿರಲಿ.

ನಾದಿನಿ ಆವತ್ತೇ ರಾತ್ರಿ ಪರೀಕ್ಷೆ ಹಾಕಿದ್ಲು. ಬೆಳಗ್ಗೆ ಫೋನು: "ಅತ್ಗೆ, ಒಂದೂ ತಪ್ಪಿಲ್ಲ, ಪಾಸಾಗೈತೆ. ಸುಮ್ನೆ ನಿದ್ದೆ ಕೆಟ್ಟೆ." ಹಂಗಾದ್ರೆ ಡಬ್ಬ ಬಿಚ್ಚಿಸಿ ಫ್ಯಾನು, ಕರೆಂಟ್ ಡಬ್ಬ ನೋಡ್ಸು ಅಂದೆ. ಅಂಗಡಿಗೆ ಓಗಿ, "ರ‍್ಯಾಮ್ ಪರೀಕ್ಷೆ ಆಗೈತೆ, ಫಾರ್ಮ್ಯಾಟ್ ಬ್ಯಾಡ, ಎಸ್‌ಎಂಪಿಎಸ್ ಚೆಕ್ ಮಾಡಿ" ಅಂದಿದ್ದಕ್ಕೆ ಆ ಹುಡುಗ ಮೇಲೆ ಕೆಳಗೆ ನೋಡಿ, ಎರಡು ಮಾತಾಡದೆ ಬಿಚ್ಚಿದ್ನಂತೆ. ಅದೇ ಸೋತಿತ್ತು. ಬದಲಾಯಿಸಿ ಕೊಟ್ಟವ್ನೆ. ಅವಳ ಫೈಲು, ಮೊಮ್ಮಗಳ ನಾಮಕರಣದ ಫೋಟೋ, ಎಲ್ಲಾ ಇದ್ದಲ್ಲೇ ಐತೆ.