ಅರ್ಜಿ ತುಂಬಿಸಲಿಕ್ಕೆ ಜಮಾಅತ್‌ನಲ್ಲೇ ಒಂದು ಮೇಜು ಇರಲಿ

ಲಕ್ಕೂರು ಎಂದರೆ ಎಲ್ಲಿ ಅಂತ ನಮ್ಮ ಕರಾವಳಿಯವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಕೋಲಾರ ಜಿಲ್ಲೆ, ಮಾಲೂರು ತಾಲೂಕಿನ ಒಂದು ಹೋಬಳಿ. ಹೋಟೆಲ್, ಬೇಕರಿ ಅಂತ ಊರು ಬಿಟ್ಟ ನಮ್ಮವರು ಬೆಂಗಳೂರಿನ ಆಚೆಗೂ ದುಡಿಮೆ ಹುಡುಕಿಕೊಂಡು ಹೋದದ್ದುಂಟು. ಹಾಗೆ ಬಂಟ್ವಾಳದ ಕಡೆಯಿಂದ ಹೋಗಿ ಲಕ್ಕೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮ ಸಂಬಂಧಿಕರ ಒಂದು ಕುಟುಂಬ ಇದೆ. ಮನೆಯೊಳಗೆ ಬ್ಯಾರಿ ಭಾಷೆ, ಪಳ್ಳಿಗೆ ಹೋದರೆ ಉರ್ದು, ಅಂಗಡಿಗೆ ಹೋದರೆ ತೆಲುಗು ಬೆರೆತ ಕನ್ನಡ. ಆ ಮನೆಯ ಎರಡನೆಯ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಹೀಗಾಗಿ ಈ ಮೂರು ಭಾಷೆಗಳಲ್ಲಿ ಒಂದೂ ಅವಳದ್ದಲ್ಲ.

ಅಡುಗೆ ಕೆಲಸ ಮಾಡುತ್ತಿದ್ದ ತಂದೆ ಕಾಯಿಲೆ ಬಿದ್ದು ಕಳೆದ ವರ್ಷದಿಂದ ಮನೆಯಲ್ಲೇ ಇದ್ದಾರೆ. ಆಗ ಉಮ್ಮ ನಮಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಇವಳಿಗೆ ಸರ್ಕಾರದಿಂದ ಏನಾದ್ರೂ ಸಿಗ್ತದಾ?" ಸಿಗ್ತದೆ ಅಂದೆವು. ಅಂಗವಿಕಲರ ಕಾರ್ಡ್ ಇದೆಯಾ ಅಂತ ಕೇಳಿದರೆ ಇಲ್ಲ. ವೈದ್ಯರ ಸರ್ಟಿಫಿಕೇಟ್? ಇಲ್ಲ. ಶಾಲೆಯ ಟಿ.ಸಿ.? ಎಲ್ಲೋ ಇರಬೇಕು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಹುಡುಗಿಯ ಹೆಸರಲ್ಲಿ ಆಗಿದ್ದ ಕಾಗದ ಆಧಾರ್ ಒಂದೇ.

ಯಾಕೆ ಮಾಡಿಸಲಿಲ್ಲ ಅಂತ ಕೇಳಲಿಕ್ಕೇ ನಮಗೆ ಮುಖ ಇರಲಿಲ್ಲ, ಏಕೆಂದರೆ ಉತ್ತರ ನಮಗೂ ಗೊತ್ತಿತ್ತು. ಅಕ್ಕನಿಗೆ ಸಂಬಂಧ ನೋಡುವ ಸಮಯದಲ್ಲಿ, "ತಂಗಿಯ ವಿಷಯ ಈಗ ಯಾರಿಗೂ ಹೇಳೋದು ಬೇಡ" ಅಂತ ಹೇಳಿದ್ದು ನಮ್ಮ ಹಿರಿಯರೇ. ಕಾರ್ಡ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗ್ತದೆ ಎಂಬ ಹೆದರಿಕೆ. ಅಕ್ಕನ ನಿಕಾಹ್ ಆಗಿ ಆರು ವರ್ಷವಾಯಿತು. ತಂಗಿಯ ವಿಷಯ ಆಮೇಲೂ ಯಾರಿಗೂ ನೆನಪಾಗಲಿಲ್ಲ.

ನಾವು ಇಬ್ಬರು ಹೋಗಿ ಅಲ್ಲೇ ನಾಲ್ಕು ದಿನ ಇದ್ದು, ಆಮೇಲೆ ಮತ್ತೆ ಎರಡು ಸಲ ಹೋಗಿ ಬಂದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಮಕ್ಕಳು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ, ಹೊರಗೆ ಕಾಣುವುದಿಲ್ಲ ಅಷ್ಟೆ.

ಮೊದಲು ಗೊತ್ತಿರಬೇಕಾದ ವಿಷಯ: ಕಾರ್ಡ್ ಬೇರೆ, ಮಾಸಾಶನ ಬೇರೆ. ಕಾರ್ಡ್ ಬಂದ ಮೇಲೆ ದುಡ್ಡು ತಾನಾಗಿ ಬರ್ತದೆ ಅಂತ ಕಾಯುತ್ತಾ ಕೂತವರನ್ನು ನಾವು ಕಂಡಿದ್ದೇವೆ. ಯುಡಿಐಡಿ ಎಂದು ಕರೆಯುವ ಗುರುತಿನ ಚೀಟಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಜ್ಞ ವೈದ್ಯರು ನೋಡಿ ಶೇಕಡಾ ಎಷ್ಟು ಅಂತ ಬರೆಯುತ್ತಾರೆ. ಮಾಸಾಶನ ಕಂದಾಯ ಇಲಾಖೆಯದ್ದು. ಅದಕ್ಕೆ ಹೋಬಳಿಯ ನಾಡಕಚೇರಿಗೆ ಹೋಗಬೇಕು. ಗ್ರಾಮ ಆಡಳಿತಾಧಿಕಾರಿ, ಅಂದರೆ ನಾವು ಹಿಂದೆ ಶಾನುಭೋಗರು, ಆಮೇಲೆ ವಿ.ಎ. ಅಂತ ಕರೆಯುತ್ತಿದ್ದವರು, ಪರಿಶೀಲನೆ ಮಾಡುತ್ತಾರೆ. ಗಾಲಿಕುರ್ಚಿ, ಶ್ರವಣ ಯಂತ್ರ, ವಿದ್ಯಾರ್ಥಿವೇತನ ಬೇಕಾದರೆ ಅದು ಮೂರನೆಯ ಬಾಗಿಲು, ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಒಂದು ಬಾಗಿಲು ತಟ್ಟಿದರೆ ಉಳಿದ ಎರಡು ತಾವಾಗಿ ತೆರೆಯುವುದಿಲ್ಲ.

2016ರ ಕಾನೂನಿನಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕೈಕಾಲು, ಕಣ್ಣು, ಕಿವಿ ಮಾತ್ರ ಅಲ್ಲ. ಬುದ್ಧಿಮಾಂದ್ಯತೆ, ಆಟಿಸಂ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ತಲಸ್ಸೇಮಿಯಾ, ಹಿಮೋಫಿಲಿಯಾ, ಆಸಿಡ್ ದಾಳಿಗೆ ಒಳಗಾದವರು, ಕುಬ್ಜರು ಎಲ್ಲ ಇದರಲ್ಲಿ ಸೇರುತ್ತಾರೆ. "ನಮ್ಮ ಮಗು ನಡೀತದಲ್ಲ, ಅದು ಅಂಗವಿಕಲ ಹೇಗೆ?" ಅಂತ ಕೇಳುವ ತಂದೆತಾಯಿಗೆ ಈ ಪಟ್ಟಿಯನ್ನು ಒಮ್ಮೆ ಓದಿ ಹೇಳುವವರು ಬೇಕು. ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ. ಕಾರ್ಡ್‌ಗೆ ಬಣ್ಣವೂ ಉಂಟು: 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಾದರೆ ನೀಲಿ.

ಇನ್ನು ಹಣದ ವಿಷಯ. ರಾಜ್ಯದ ಮಾಸಾಶನ ಶೇಕಡಾ 40ರಿಂದ 75ರ ಒಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿನವರಿಗೆ 1,400. ಕುಟುಂಬದ ವಾರ್ಷಿಕ ಆದಾಯ 32 ಸಾವಿರ ರೂಪಾಯಿ ದಾಟಬಾರದು. ಭಾಗಿಸಿ ನೋಡಿ, ದಿನಕ್ಕೆ 88 ರೂಪಾಯಿ. ಬಿಪಿಎಲ್ ಕಾರ್ಡ್‌ಗೆ 1.20 ಲಕ್ಷದವರೆಗೆ ಆದಾಯ ಇರಬಹುದು ಎನ್ನುವ ಅದೇ ಸರ್ಕಾರ, ಅಂಗವಿಕಲರಿರುವ ಮನೆಗೆ ಬಂದಾಗ 32 ಸಾವಿರಕ್ಕೆ ಗೆರೆ ಎಳೆಯುತ್ತದೆ. ಇಂಥ ಮಗು ಇರುವ ಮನೆಯಲ್ಲಿ ಖರ್ಚು ಹೆಚ್ಚೋ ಕಡಿಮೆಯೋ? ಇದು ತಪ್ಪು ಲೆಕ್ಕ, ಶಾಸಕರ ಮುಂದೆ ಕೇಳಬೇಕಾದ ಪ್ರಶ್ನೆ. ಕೇಂದ್ರದ ಪಾಲಂತೂ ಹೇಳಲಿಕ್ಕೇ ನಾಚಿಕೆ. ಬಡತನ ರೇಖೆಯ ಕೆಳಗಿನ, ಶೇಕಡಾ 80 ದಾಟಿದವರಿಗೆ ಮಾತ್ರ, ತಿಂಗಳಿಗೆ 300.

ಆದರೆ ಲಕ್ಕೂರಿನ ಮನೆಯ ವಿಷಯದಲ್ಲಿ ಇದ್ಯಾವುದೂ ಮೊದಲ ತೊಡಕಾಗಲಿಲ್ಲ. ಮೊದಲ ತೊಡಕಾದದ್ದು ಹೆಸರು.

ನಮ್ಮ ಹೆಸರುಗಳ ಕಥೆ ಓದುಗರಿಗೆ ಹೊಸತಲ್ಲ. ಆಧಾರ್‌ನಲ್ಲಿ ಮೊಹಮ್ಮದ್, ಶಾಲೆಯಲ್ಲಿ ಮಹಮ್ಮದ್, ಬ್ಯಾಂಕಿನಲ್ಲಿ ಎಂ.ಡಿ., ಪಾಸ್‌ಪೋರ್ಟ್‌ನಲ್ಲಿ ಮುಹಮ್ಮದ್. ಮೊಯಿದಿನ್, ಮೈದಿನ್, ಮೊಹಿಯುದ್ದೀನ್, ಮೊಯ್ದು, ನಾಲ್ಕೂ ಒಬ್ಬನೇ ಮನುಷ್ಯ. ಐಸಮ್ಮ ಮದುವೆಯಾಗಿ ಮತ್ತೊಂದು ಊರಿಗೆ ಹೋದಾಗ ಆಯಿಶಾ ಆಗುತ್ತಾಳೆ, ಗಂಡನ ಹೆಸರು ಹಿಂದೆ ಬರುತ್ತದೆ, ತಂದೆಯ ಹೆಸರು ಬಿದ್ದು ಹೋಗುತ್ತದೆ. ಮನೆ ಹೆಸರಿನ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ನಾವು ಮನುಷ್ಯರು ಇದನ್ನೆಲ್ಲ ಅರ್ಥ ಮಾಡಿಕೊಳ್ಳುತ್ತೇವೆ. ಕಂಪ್ಯೂಟರ್ ಮಾಡಿಕೊಳ್ಳುವುದಿಲ್ಲ.

ಆ ಹುಡುಗಿಯ ಆಧಾರ್‌ನಲ್ಲಿ ತಂದೆಯ ಹೆಸರು ಒಂದು ರೀತಿ, ಟಿ.ಸಿ.ಯಲ್ಲಿ ಇನ್ನೊಂದು ರೀತಿ. ಅವಳ ಹೆಸರಿನಲ್ಲೇ ಒಂದು ಅಕ್ಷರ ಹೆಚ್ಚು. ಹುಟ್ಟಿದ ತಾರೀಕು ಎರಡು ಕಡೆ ಎರಡು. ಒಂದು ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿಸಿದೆವು, ವಾಪಸ್ ಬಂತು. ಇನ್ನೊಂದು ಕಡೆ, "ಮೊದ್ಲು ಆಧಾರ್ ಸರಿ ಮಾಡ್ಸ್ಕೊಂಡ್ ಬನ್ನಿ ಸಾಬ್ರೇ" ಅಂದರು. ಅದು ಸರಿಯಾದ ಮಾತೇ. ಈಗ ಯುಡಿಐಡಿಗೆ ಆಧಾರ್ ಬೇಕೇ ಬೇಕು, ಬುಡ ವಕ್ರವಾಗಿದ್ದರೆ ಮೇಲಿನದ್ದೆಲ್ಲ ವಕ್ರ. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ. ಆದ್ದರಿಂದ ಅವಸರದಲ್ಲಿ ಹೋಗಿ ತಿದ್ದಿಸಬಾರದು. ಮನೆಯ ಎಲ್ಲ ಕಾಗದಗಳನ್ನೂ ಚಾಪೆಯ ಮೇಲೆ ಹರಡಿ, ಯಾವ ಸ್ಪೆಲ್ಲಿಂಗ್ ಉಳಿಸಿಕೊಳ್ಳೋದು ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಹೋಗಬೇಕು. ನಾವು ಒಂದು ರಾತ್ರಿ ಪೂರ್ತಿ ಅದನ್ನೇ ಮಾಡಿದೆವು. ಹುಡುಗಿ ಪಕ್ಕದಲ್ಲೇ ಕೂತು ಒಂದೊಂದು ಕಾಗದ ಎತ್ತಿ ಕೊಡುತ್ತಿದ್ದಳು. ಟಿ.ಸಿ. ಎಲ್ಲಿದೆ ಅಂತ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ, ಹೊಲಿಗೆ ಪೆಟ್ಟಿಗೆಯ ಅಡಿಯಲ್ಲಿ ಇಟ್ಟುಕೊಂಡಿದ್ದಳು.

ಆಸ್ಪತ್ರೆಯ ವಿಷಯ ಹೆಚ್ಚು ಬೆಳೆಸುವುದಿಲ್ಲ. ಶ್ರವಣ ಪರೀಕ್ಷೆಯ ಯಂತ್ರ ಇರುವ ದಿನ, ತಜ್ಞರು ಇರುವ ದಿನ, ನಮಗೆ ಬಸ್ ಸಿಗುವ ದಿನ, ಮೂರೂ ಒಂದೇ ಆಗಬೇಕು, ಅಷ್ಟೆ. ಅರ್ಜಿ ಬಂದ ಮೂರು ತಿಂಗಳೊಳಗೆ ಸರ್ಟಿಫಿಕೇಟ್ ಕೊಡಬೇಕು ಅಂತ 2024ರ ತಿದ್ದುಪಡಿ ನಿಯಮ ಹೇಳುತ್ತದೆ. ಹಾಗೆಯೇ, ಅರ್ಜಿ ಹಾಕಿ ಎರಡು ವರ್ಷ ಆ ಕಡೆ ತಲೆ ಹಾಕದಿದ್ದರೆ ಅರ್ಜಿ ರದ್ದು ಎಂದೂ ಹೇಳುತ್ತದೆ. ನಂಬರ್ ಬರೆದಿಟ್ಟುಕೊಳ್ಳಿ.

ಈಗ ನಾವು ನಿಜವಾಗಿ ಹೇಳಬೇಕೆಂದಿರುವ ಮಾತು.

2019ರ ಡಿಸೆಂಬರ್ ನೆನಪಿದೆಯಲ್ಲ? ಪೌರತ್ವ ಕಾನೂನಿನ ಹೆದರಿಕೆಯಲ್ಲಿ ನಮ್ಮ ಎಷ್ಟೋ ಜಮಾಅತ್‌ಗಳಲ್ಲಿ ಮೇಜು ಹಾಕಿದರು. ಓದಿದ ಹುಡುಗರು ಲ್ಯಾಪ್‌ಟಾಪ್ ಹಿಡಿದು ಕೂತರು. ಜನ್ಮ ಪ್ರಮಾಣಪತ್ರ, ಆಧಾರ್, ವೋಟರ್ ಐಡಿ, ಎಲ್ಲ ತಾಳೆ ನೋಡಿ ಏನು ಸರಿ ಮಾಡಿಸಬೇಕು ಅಂತ ಚೀಟಿ ಬರೆದು ಕೊಟ್ಟರು. ಎಂದೂ ಕಚೇರಿ ಮೆಟ್ಟಿಲು ಹತ್ತದ ಕಾಕಂದಿರೂ ಸಾಲಿನಲ್ಲಿ ನಿಂತರು. ಮತ್ತೆ 2023ರಲ್ಲಿ ಗೃಹಲಕ್ಷ್ಮಿ ಬಂತು. ತಿಂಗಳಿಗೆ ಎರಡು ಸಾವಿರ ಅಂದ ಕೂಡಲೇ ನಮ್ಮ ಉಮ್ಮಂದಿರು, ಅಕ್ಕತಂಗಿಯರು ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಗ್ರಾಮ ಒನ್‌ಗೆ ಹೋದರು. ಅದರಲ್ಲಿ ಯಾರಿಗೂ ನಾಚಿಕೆ ಆಗಲಿಲ್ಲ, ಆಗಬೇಕಾದ್ದೂ ಇಲ್ಲ. ಅಂದರೆ ಕಾಗದ ಸರಿ ಮಾಡಿಸಲಿಕ್ಕೆ ನಮಗೆ ಬರುವುದಿಲ್ಲ ಎಂಬುದು ಸುಳ್ಳು. ಹೆದರಿಕೆ ಬಂದಾಗ ಮಾಡಿದ್ದೇವೆ, ದುಡ್ಡು ಬರ್ತದೆ ಅಂದಾಗ ಮಾಡಿದ್ದೇವೆ. ಮನೆಯೊಳಗಿನ ಮೂಕ ಮಗಳಿಗಾಗಿ ಮಾತ್ರ ಮಾಡಲಿಲ್ಲ.

ಆ ಮೇಜುಗಳನ್ನು ಹೆದರಿಕೆ ಇಳಿದ ಕೂಡಲೇ ಎತ್ತಿಟ್ಟೆವು. ಅದು ತಪ್ಪಾಯಿತು.

ರಂಝಾನ್‌ನಲ್ಲಿ ನಾವು ಇಂಥ ಮನೆಗಳಿಗೆ ಕಿಟ್ ಕೊಡುತ್ತೇವೆ, ಝಕಾತ್ ಕೊಡುತ್ತೇವೆ. ಒಳ್ಳೆಯದೇ. ಆದರೆ ಕಿಟ್ ಮುಗಿಯಲು ಒಂದು ತಿಂಗಳು ಸಾಕು. ಒಬ್ಬ ಹುಡುಗ ಮೂರು ಸಂಜೆ ಕೂತು ಒಂದು ಅರ್ಜಿ ಸರಿಯಾಗಿ ತುಂಬಿಸಿ, ಜೊತೆಗೆ ಹೋಗಿ ಕೊಟ್ಟು ಬಂದರೆ ಅದು ವರ್ಷಕ್ಕೆ 16,800 ರೂಪಾಯಿ. ಅದೂ ಆ ಹುಡುಗಿಯ ಹೆಸರಿನ ಖಾತೆಗೆ, ಯಾರ ಮುಂದೆಯೂ ಕೈಚಾಚದೆ. ಅದು ಸದಕ ಅಲ್ಲ, ಅವಳ ಹಕ್ಕು. "ಸರ್ಕಾರದ ಭಿಕ್ಷೆ ನಮಗೆ ಬೇಡ" ಅನ್ನುವ ಹಿರಿಯರಿಗೆ ಒಂದು ಮಾತು ನೆನಪಿಸಬೇಕು. ಕಣ್ಣು ಕಾಣದ ಸಹಾಬಿ ಅಬ್ದುಲ್ಲಾಹ್ ಇಬ್ನ್ ಉಮ್ಮು ಮಕ್ತೂಮ್ ಅವರ ಕಾರಣಕ್ಕೇ ಅಬಸ ಸೂರಃ ಇಳಿದದ್ದು. ಪ್ರವಾದಿಯವರು ಮದೀನದಿಂದ ಹೊರಗೆ ಹೋಗುವಾಗ ಊರಿನ ಹೊಣೆಯನ್ನೇ ಅವರಿಗೆ ಒಪ್ಪಿಸಿದ್ದುಂಟು. ಅವರನ್ನು ಯಾರೂ ಒಳಕೋಣೆಯಲ್ಲಿ ಇಡಲಿಲ್ಲ.

ಮೇಜು ಹಾಕಲಿಕ್ಕೆ ದೊಡ್ಡ ಖರ್ಚಿಲ್ಲ. ಒಂದು ಲ್ಯಾಪ್‌ಟಾಪ್, ಜೆರಾಕ್ಸ್‌ಗೆ ಸ್ವಲ್ಪ ಹಣ, ತಾಳ್ಮೆ ಇರುವ ಇಬ್ಬರು. ಒಬ್ಬರು ಹೆಂಗಸಾಗಿರಲೇಬೇಕು. ಇಂಥ ಮಕ್ಕಳ ಫೈಲು ಇರುವುದು ಉಮ್ಮಂದಿರ ಕೈಯಲ್ಲಿ, ಅವರು ಪಳ್ಳಿಯ ಆಫೀಸಿಗೆ ಬರುವುದಿಲ್ಲ. ಜುಮಾ ನಂತರ ಮೇಜು ಹಾಕಿದರೆ ಬರುವುದು ಗಂಡಸರು, ಅವರಿಗೆ ಮಗುವಿನ ಹುಟ್ಟಿದ ತಾರೀಕೂ ನೆನಪಿರುವುದಿಲ್ಲ. ಆದಿತ್ಯವಾರ ಬೆಳಿಗ್ಗೆ ಮದ್ರಸದಲ್ಲಿ ಹಾಕಿ, ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ತಾಯಂದಿರು ಹೇಗೂ ಇರುತ್ತಾರೆ. ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುತ್ತಾರೆ, ಬಹಳ ಕಡೆ ಅವರೂ ಅಂಗವಿಕಲರೇ. ಅವರನ್ನು ಒಮ್ಮೆ ಕರೆಸಿ. ಪಂಚಾಯತ್‌ನ ಶೇಕಡಾ 5ರ ಅನುದಾನ ಅಂಗವಿಕಲರಿಗೆ ಮೀಸಲು ಎಂಬುದನ್ನೂ ಅವರ ಬಾಯಿಂದಲೇ ಕೇಳಿಕೊಳ್ಳಿ. ಯುಡಿಐಡಿ ಅರ್ಜಿಗೆ ಸರ್ಕಾರಕ್ಕೆ ಯಾವ ಶುಲ್ಕವೂ ಇಲ್ಲ. "ಎರಡು ಸಾವಿರ ಕೊಡಿ, ಪರ್ಸೆಂಟೇಜ್ ಹೆಚ್ಚು ಮಾಡಿಸ್ತೇನೆ" ಅನ್ನುವವನನ್ನು ಹತ್ತಿರ ಸೇರಿಸಬೇಡಿ.

ಇನ್ನೊಂದು ವಿಷಯ ನಮಗೂ ಗೊತ್ತಿರಲಿಲ್ಲ. ಬುದ್ಧಿಮಾಂದ್ಯ ಮಗುವಿಗೆ 18 ತುಂಬಿದ ಮೇಲೆ ತಂದೆತಾಯಿ ತಾನಾಗಿ ಪೋಷಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲಿ, ಆಸ್ತಿ ವಿಷಯದಲ್ಲಿ ಇದು ತೊಡಕಾಗುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪೋಷಕತ್ವ ಪಡೆಯಬೇಕು. ಉಪ್ಪ ಹೋದ ಮೇಲೆ ಅಣ್ಣತಮ್ಮಂದಿರು ನೋಡಿಕೊಳ್ತಾರೆ ಅಂತ ಬಾಯಿಮಾತಿನಲ್ಲಿ ಬಿಟ್ಟ ಮನೆಗಳು ಇದನ್ನು ಗಮನಿಸಬೇಕು.

ಲಕ್ಕೂರಿನ ಹುಡುಗಿಗೆ ಕಾರ್ಡ್ ಬಂದಿದೆ, ನೀಲಿ ಬಣ್ಣದ್ದು. ಅಂಚೆಯಣ್ಣ ತಂದುಕೊಟ್ಟ ದಿನ ಅದರ ಫೋಟೋ ತೆಗೆದು ಅವಳೇ ನಮಗೆ ವಾಟ್ಸಾಪ್ ಮಾಡಿದಳು. ಮಾಸಾಶನದ ಅರ್ಜಿ ಮಾತ್ರ ಇನ್ನೂ ಹಾಕಿಲ್ಲ. ಕುಟುಂಬದ ರೇಷನ್ ಕಾರ್ಡ್ ಈಗಲೂ ಬಂಟ್ವಾಳದಲ್ಲಿ ದೊಡ್ಡಪ್ಪನ ಮನೆಯ ಜೊತೆಗೇ ಇದೆ. ಹೆಸರು ತೆಗೆಸಿದರೆ ಅಲ್ಲಿ ಅಕ್ಕಿ ಕಡಿಮೆಯಾಗ್ತದಂತೆ. ಈ ವಾರ ಮತ್ತೊಮ್ಮೆ ಅವರಿಗೆ ಫೋನ್ ಮಾಡಿದ್ದೇವೆ. ಬಕ್ರೀದ್ ಕಳೆದು ನೋಡುವಾ ಅಂದಿದ್ದಾರೆ.