ಬೀಗ ಹಾಕಿದ ಮನೆಗಳ ಊರಿನಲ್ಲಿ

ಪ್ರವೇಶ ಕೊಡುವುದಷ್ಟೇ ವಿಶ್ವವಿದ್ಯಾಲಯದ ಹೊಣೆ, ವಸತಿಯನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಮಲಗಲು ಜಾಗವಿಲ್ಲದವನಿಗೆ ಪ್ರವೇಶಪತ್ರವೆಂಬುದು ಬರಿಯ ಕಾಗದ. ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನೆಲೆಸಿರುವ ಕನ್ನಡಿಗರಾದ ನಾವು ಪ್ರತಿ ಮಳೆಗಾಲದಲ್ಲಿ ಈ ಕಾಗದವನ್ನು ಹಿಡಿದು ಕಳಮಶ್ಶೇರಿ, ಇಡಪ್ಪಳ್ಳಿಗಳ ಓಣಿಗಳಲ್ಲಿ, ಕಾರ್ಯವಟ್ಟಂ, ಶ್ರೀಕಾರ್ಯಂಗಳ ತಿರುವುಗಳಲ್ಲಿ ಅಲೆಯುವವರನ್ನು ಕಾಣುತ್ತೇವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪರವೂರಿನಲ್ಲಿ ಬಾಡಿಗೆಗೆ ಕೋಣೆ ಹಿಡಿದು ನೋಡಿರಲಿಲ್ಲವೆಂದು ತೋರುತ್ತದೆ.

ಅಲೆಯುವವರಲ್ಲಿ ಕೆಲವರು ಕಾಸರಗೋಡಿನ ಕನ್ನಡದ ಮಕ್ಕಳು. 1956ರ ನವೆಂಬರ್ 1ರಂದು ಎಳೆದ ಗೆರೆಯ ಫಲವಾಗಿ, ಸುಮಾರು 50 ಕಿ.ಮೀ. ದೂರದ ಮಂಗಳೂರು ಅವರಿಗೆ ಹೊರರಾಜ್ಯವಾಯಿತು, 550 ಕಿ.ಮೀ.ಗೂ ಮಿಕ್ಕು ದೂರದ ತಿರುವನಂತಪುರ ಸ್ವಂತ ರಾಜಧಾನಿಯಾಯಿತು. ಆದರೂ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣಿಸಿ ಇಳಿಯುವ ಈ ಮಕ್ಕಳಿಗೆ ಅಷ್ಟಿಷ್ಟು ಮಲಯಾಳ ಬರುತ್ತದೆ. ಗೇಟಿಗೆ ತೂಗುಹಾಕಿದ ಫಲಕದಲ್ಲಿನ 'ವಾಡಕ' ನಮ್ಮ 'ಬಾಡಿಗೆ'ಯ ನೆಂಟನೆಂದು ಅವರು ತಿಳಿಯಬಲ್ಲರು. ಸಮುದ್ರ ದಾಟಿ ಬಂದವನಿಗೆ ಆ ನೆಂಟಸ್ತಿಕೆಯೂ ಇಲ್ಲ. ಭಾರತ ಸರಕಾರದ ಐಸಿಸಿಆರ್ ವಿದ್ಯಾರ್ಥಿವೇತನವನ್ನು ಪಡೆದು, ಅಂದರೆ ಈ ದೇಶದ ಅತಿಥಿಯಾಗಿಯೇ ಬಂದವನು ಕೂಡ, ಹಾಸ್ಟೆಲಿನಲ್ಲಿ ಮಂಚ ಸಿಗದಿದ್ದರೆ ದಲ್ಲಾಳಿಯ ಬೆನ್ನು ಹತ್ತಬೇಕು.

ಇಲ್ಲಿ ಕಾನೂನಿನ ಒಂದು ಗಂಟನ್ನು ಬಿಡಿಸಿ ನೋಡಬೇಕು. 180 ದಿನಗಳಿಗೆ ಮೀರಿದ ವಿದ್ಯಾರ್ಥಿ ವೀಸಾದ ಮೇಲೆ ಬಂದವನು 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ದಾಖಲಿಸಲು ವಿಳಾಸ ಬೇಕು. ವಿಳಾಸ ಸಿಗಬೇಕಾದರೆ ಮನೆಯ ಮಾಲೀಕ ಒಪ್ಪಬೇಕು. ಒಪ್ಪಿದ ಮಾಲೀಕ 24 ಗಂಟೆಗಳೊಳಗೆ ನಿಗದಿತ ನಮೂನೆಯನ್ನು ತುಂಬಿ ಸರಕಾರಕ್ಕೆ ತಿಳಿಸಬೇಕು. 'ಪೊಲೀಸು, ಕಚೇರಿ ಎಂಬ ತಾಪತ್ರಯ ನಮಗೇಕೆ' ಎಂದು ಮಾಲೀಕರು ಹಿಂದೆ ಸರಿಯುತ್ತಾರೆ. ಆದರೆ ಅದು ಕಂಪ್ಯೂಟರಿನಲ್ಲಿ ತುಂಬಬಹುದಾದ ಒಂದು ನಮೂನೆ: ಹೆಸರು, ಫೋಟೊ, ಪಾಸ್‌ಪೋರ್ಟಿನ ಮತ್ತು ವೀಸಾದ ವಿವರ, ಅಷ್ಟೇ. ಬಿಳಿಯ ಪ್ರವಾಸಿಗಳಿಗೆ ಹೋಂಸ್ಟೇ ನಡೆಸುವ ಫೋರ್ಟ್ ಕೊಚ್ಚಿಯ ಮನೆಗಳು ಇದೇ ನಮೂನೆಯನ್ನು ದಿನವೂ ತುಂಬುತ್ತವೆ. ಹಾಗಿರುವಾಗ ಕಪ್ಪು ಬಣ್ಣದ ವಿದ್ಯಾರ್ಥಿ ಎದುರು ನಿಂತಾಗ ಮಾತ್ರ ಅದೇ ನಮೂನೆ ಬೆಟ್ಟವಾಗುವುದೇಕೆ? ಅಡ್ಡಿ ಕಾಗದದಲ್ಲಿಲ್ಲ, ಏನು ತಿನ್ನುತ್ತೀ, ಯಾರು ಬಂದು ಹೋಗುತ್ತಾರೆ, ಯಾವ ದೇವರು ಎಂಬ ಪ್ರಶ್ನೆಗಳಲ್ಲಿದೆ. ಕಾಸರಗೋಡಿನ ಹುಡುಗನಿಗೂ ಇವು ತಪ್ಪಿದ್ದಲ್ಲ. ಅವನಿಗೆ ಸುತ್ತುಬಳಸಿ ಕೇಳುತ್ತಾರೆ, ವಿದೇಶಿಗೆ ನೇರವಾಗಿ.

ಮನೆಗಳ ಕೊರತೆಯೆಂಬ ನೆಪವಂತೂ ನಿಲ್ಲುವುದೇ ಇಲ್ಲ. 2011ರ ಜನಗಣತಿಯಲ್ಲಿ ಕೇರಳದಲ್ಲಿ ಖಾಲಿ ಬಿದ್ದಿದ್ದ ಮನೆಗಳು 11 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ಮನೆಗಳ ಒಡೆಯರು ಕೊಲ್ಲಿಯಲ್ಲಿದ್ದಾರೆ, ಅವರ ಮಕ್ಕಳು ಕೆನಡಾದಲ್ಲಿಯೋ ಯುರೋಪಿನಲ್ಲಿಯೋ ಓದುತ್ತಿದ್ದಾರೆ. ಆ ಮಕ್ಕಳ ಪಾಡೇನು? ವಸತಿಯ ಒತ್ತಡವನ್ನು ಮುಂದಿಟ್ಟು ಕೆನಡಾ ಸರಕಾರ 2024ರ ಜನವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಪರವಾನಗಿಗೆ ಮಿತಿ ಹಾಕಿತು. ಕೋಣೆ ಗೊತ್ತಾಗದಿದ್ದರೆ ಬರಲೇ ಬೇಡಿ ಎಂದು ಆಮ್ಸ್‌ಟರ್‌ಡಾಂ ವಿಶ್ವವಿದ್ಯಾಲಯ ತನ್ನ ವಿದೇಶಿ ವಿದ್ಯಾರ್ಥಿಗಳಿಗೆ ಹೇಳಿದ್ದೂ ಉಂಟು. ಅಲ್ಲಿ ಮಗನಿಗೆ ಕೋಣೆ ಸಿಗದೆಂದು ರಾತ್ರಿ ನಿದ್ದೆಗೆಡುವ ತಂದೆ, ಇಲ್ಲಿ ಮೇಲಂತಸ್ತಿಗೆ ಬೀಗ ಹಾಕಿ, ಬಾಗಿಲಿಗೆ ಬಂದ ಇನ್ನೊಬ್ಬರ ಮಗನನ್ನು ಹಿಂದಕ್ಕೆ ಕಳುಹಿಸುತ್ತಾನೆ. ಇದಕ್ಕೆ ಎಚ್ಚರಿಕೆಯೆಂಬ ಸಭ್ಯ ಹೆಸರನ್ನು ಕೊಡಲು ನಾವು ಸಿದ್ಧರಿಲ್ಲ.

ಒಡೆಯರ ಅಂಜಿಕೆಯಲ್ಲಿ ನ್ಯಾಯವಾದದ್ದು ಒಂದಿದೆ: ಬಾಡಿಗೆದಾರ ಬಿಡದೆ ಕೂತರೆ ಏನು ಗತಿ ಎಂಬುದು. 1965ರ ಬಾಡಿಗೆ ನಿಯಂತ್ರಣ ಕಾಯಿದೆಯ ವ್ಯಾಜ್ಯಗಳ ಕಥೆ ಕೇಳಿದವರಿಗೆ ಅದು ಸಹಜ. ಟೆಕ್ನೋಪಾರ್ಕ್ ಬಂದ ಮೇಲೆ ಕಳಕೂಟದಲ್ಲಿ, ಇನ್ಫೋಪಾರ್ಕ್ ಬಂದ ಮೇಲೆ ಕಾಕ್ಕನಾಡಿನಲ್ಲಿ ಸಂಬಳದ ಬಾಡಿಗೆದಾರ ಸಿಗುವಾಗ ವಿದ್ಯಾರ್ಥಿಯನ್ನು ಕೇಳುವವರಾರು ಎಂಬುದೂ ನಿಜ. ಆದುದರಿಂದಲೇ ಈ ಭಾರವನ್ನು ಒಬ್ಬ ಒಡೆಯ, ಒಬ್ಬ ವಿದ್ಯಾರ್ಥಿಯ ನಡುವೆ ಬಿಡಬಾರದೆನ್ನುತ್ತೇವೆ. ಕ್ಯಾಂಪಸ್ಸಿನ ಸುತ್ತಲಿನ ಮನೆಗಳನ್ನು ವಿಶ್ವವಿದ್ಯಾಲಯವೇ ತನ್ನ ಹೆಸರಿನಲ್ಲಿ ಕರಾರು ಮಾಡಿ ಹಿಡಿಯಲಿ, ಮುಂಗಡ ಕೊಡಲಿ, ಆ ನಮೂನೆ ತುಂಬುವ ಕೆಲಸಕ್ಕೆ ಒಬ್ಬ ಗುಮಾಸ್ತನನ್ನು ಕೂರಿಸಲಿ. ಮೊದಲ ವರ್ಷದ ವಿದೇಶಿ ವಿದ್ಯಾರ್ಥಿಗೂ ದೂರದ ಜಿಲ್ಲೆಯ ವಿದ್ಯಾರ್ಥಿಗೂ ಪ್ರವೇಶಪತ್ರದ ಜೊತೆಯಲ್ಲೇ ಕೋಣೆಯ ವಿಳಾಸ ಬರಲಿ. 2025ರಲ್ಲಿ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬಾಗಿಲು ತೆರೆಯುವ ಮಸೂದೆಯನ್ನು ಅಂಗೀಕರಿಸಿ, ಉನ್ನತ ಶಿಕ್ಷಣದ ಕೇಂದ್ರವಾಗುತ್ತೇವೆ ಎನ್ನುತ್ತಿರುವ ರಾಜ್ಯಕ್ಕೆ ಇದು ದೊಡ್ಡ ಬೇಡಿಕೆಯಲ್ಲ.

1917ರಲ್ಲಿ ಕೊಚ್ಚಿಗೆ ಸಮೀಪದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ನಡೆಸಿದರು. ಜಾತಿ ಬಿಟ್ಟು ಜನ ಒಟ್ಟಿಗೆ ಕುಳಿತು ಉಂಡರು. ಅದೇ ವರ್ಷ ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದ ಅಂಬೇಡ್ಕರರನ್ನು ಬರೋಡದ ಪಾರ್ಸಿ ಛತ್ರದಿಂದ ಹೊರಹಾಕಲಾಯಿತು. ಊರಿನಲ್ಲಿ ಬೇರೆಲ್ಲೂ ಅವರಿಗೆ ಕೋಣೆ ಸಿಗಲಿಲ್ಲ. ಚೆರಾಯಿಯನ್ನು ಕೇರಳ ಹೆಮ್ಮೆಯಿಂದ ನೆನೆಯುತ್ತದೆ, ನೆನೆಯಲೇಬೇಕು. ಆದರೆ ಒಂದು ಹೊತ್ತಿನ ಪಂಕ್ತಿಗಿಂತ ಹನ್ನೊಂದು ತಿಂಗಳ ಕರಾರು ಕಠಿಣವಾದ ಪರೀಕ್ಷೆ.

ಕನ್ನಡದ ಕಡೆಗೂ ಒಂದು ಮಾತು. ವಾರಾನ್ನ ಉಂಡು ಓದಿ ದೊಡ್ಡವರಾದವರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ; ಆ ಅನ್ನಕ್ಕೂ ಬಹುಮಟ್ಟಿಗೆ ಜಾತಿಯ ಗೆರೆಯಿತ್ತೆಂಬುದನ್ನು ಮಾತ್ರ ಕಥೆ ಹೇಳುವವರು ನುಂಗಿಬಿಡುತ್ತಾರೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಆ ಗೆರೆಯ ಹೊರಗೆ ನಿಂತವರಿಗಾಗಿಯೇ ಶಾಲೆ, ವಸತಿಗಳನ್ನು ಕಟ್ಟಲು ತಮ್ಮ ಬಾಳನ್ನು ಸವೆಸಿದರು. ಹೊರನಾಡಿನ ಕನ್ನಡ ಸಂಘಗಳು ನವೆಂಬರ್ ತಿಂಗಳಲ್ಲಿ ಯಾರ ಹೆಸರು ಹೇಳಿದರೂ ಹೇಳಲಿ, ಜೂನ್ ತಿಂಗಳಲ್ಲಿ ಎರಡು ಕೋಣೆಗಳನ್ನು ತೆರೆದಿಡಲಿ. ರೈಲಿಳಿದು ಬಂದ ವಿದ್ಯಾರ್ಥಿ ಮನೆ ಸಿಗುವವರೆಗೆ ಎರಡು ವಾರ ತಂಗಬಹುದಾದ ಕೋಣೆಗಳು. ಅವನು ಮಂಜೇಶ್ವರದವನೋ ಸುಡಾನಿನವನೋ ಎಂದು ಬಾಗಿಲಲ್ಲಿ ಕೇಳುವುದು ಬೇಡ. ದಾಖಲೆ ಪುಸ್ತಕದಲ್ಲಿ ಬರೆದುಕೊಂಡರೆ ಸಾಕು.