ನಕ್ಷೆಯ ವೃತ್ತಿಗೆ ಕಾಡು ಸುತ್ತಿದವರು ಬರಲಿ

ಕಾಡು ಸುತ್ತುವ ಮಕ್ಕಳನ್ನು ಓದಿನಲ್ಲಿ ಆಸಕ್ತಿಯಿಲ್ಲದವರೆಂದು ಗದರಿಸುವುದು ಮಲೆನಾಡಿನ ಮನೆಗಳಲ್ಲಿ ಹೊಸತೇನಲ್ಲ. ಹಳ್ಳದ ಮೂಲವನ್ನು ಹುಡುಕುತ್ತ ಹೋಗುವ, ಗುಡ್ಡದ ನೆತ್ತಿಯೇರಿ ಊರುಗಳನ್ನು ಗುರುತಿಸುವ ಈ ಗೀಳಿನಿಂದ ಅನ್ನ ಹುಟ್ಟೀತೇ ಎಂಬುದು ಹಿರಿಯರ ಪ್ರಶ್ನೆ. ಹುಟ್ಟೀತು. ನಕ್ಷೆ ರಚನೆಯೆಂಬ ವೃತ್ತಿಗೆ ಬೇಕಾದ ಮೊದಲ ಅರ್ಹತೆಯೇ ಈ ಗೀಳು.

ಸ್ವಿಟ್ಜರ್ಲೆಂಡಿನ ಎಡ್ವರ್ಡ್ ಇಮ್‌ಹೋಫ್ (1895–1986) ಪರ್ವತಾರೋಹಿ, ಜಲವರ್ಣದ ಚಿತ್ರಕಾರ. 1925ರಲ್ಲಿ ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯದಲ್ಲಿ ನಕ್ಷಾಶಾಸ್ತ್ರದ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಶಿಖರ ನಿಚ್ಚಳವಾಗಿಯೂ ಕಣಿವೆ ಮಂಜಿನಲ್ಲಿ ಮಸುಕಾಗಿಯೂ ಕಾಣುವುದನ್ನು ಬೆಟ್ಟದಲ್ಲೇ ಕಂಡಿದ್ದ ಅವರು, ನಕ್ಷೆಯಲ್ಲಿ ಎತ್ತರದ ಜಾಗಕ್ಕೆ ಗಾಢ ನೆರಳನ್ನೂ ತಗ್ಗಿಗೆ ತಿಳಿಬಣ್ಣವನ್ನೂ ಕೊಟ್ಟರು. ಚೀನಾದ ಮಿನ್ಯಾ ಕೊಂಕಾ ಶಿಖರವು ಎವರೆಸ್ಟಿಗಿಂತ ಎತ್ತರವೆಂಬ ಸುದ್ದಿ ಹಬ್ಬಿದ್ದಾಗ, 1930ರಲ್ಲಿ ಅಲ್ಲಿಗೇ ಹೋಗಿ ಅಳೆದ ತಂಡದಲ್ಲಿ ಅವರಿದ್ದರು. ಶಿಖರದ ಎತ್ತರ 7,600 ಮೀಟರಿನ ಒಳಗೇ ಇತ್ತು!

ಇಷ್ಟು ದೂರದ ಕತೆ ನಮಗೇಕೆ ಎನ್ನುವವರು 2013ರ ಕಸ್ತೂರಿರಂಗನ್ ವರದಿಯನ್ನು ನೆನೆಯಬೇಕು. ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸಲು ಬಳಸಿದ ಉಪಗ್ರಹ ಚಿತ್ರದ ಒಂದೊಂದು ಚೌಕವೂ 24 ಮೀಟರು ಉದ್ದ, ಅಷ್ಟೇ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು ಐದೂಮುಕ್ಕಾಲು ಗುಂಟೆ. ಮೇಲಿನಿಂದ ನೋಡುವ ಕಣ್ಣಿಗೆ ಕಾನೂ ಹಸಿರು, ಮರದ ನೆರಳಿನ ಕಾಫಿ ತೋಟವೂ ಹಸಿರು, ಸೊಪ್ಪಿನಬೆಟ್ಟವೂ ಹಸಿರು. ತೋಟವೂ ಕಾಡಾಗಿ ಎಣಿಕೆಯಾಗಿದೆಯೆಂಬ ದೂರು ಎದ್ದಿತು. 2014ರಿಂದ 2024ರ ನಡುವೆ ಆರು ಕರಡು ಅಧಿಸೂಚನೆಗಳು ಹೊರಬಂದವು. ಪರವಾಗಿ ನಿಂತವರೂ ವಿರೋಧಿಸಿದವರೂ ಸಭೆಗಳಲ್ಲಿ ಸಾಕಷ್ಟು ಗುಡುಗಿದರು. ತಮ್ಮ ಊರಿನ ನಕ್ಷೆಯನ್ನು ತಾವೇ ಬರೆದು ಮೇಜಿನ ಮೇಲೆ ಹರಡಿದವರು ಎಷ್ಟು ಮಂದಿ?

ಉಪಗ್ರಹದ ಮೇಲೆ ನನಗೆ ಸಿಟ್ಟಿಲ್ಲ. ನಡೆದು ನೋಡದೆ ಅದನ್ನೇ ನಂಬುವ ಕಚೇರಿಯ ಅಭ್ಯಾಸವನ್ನು ಮಾತ್ರ ಒಪ್ಪಲಾರೆ. ಉತ್ತರ ಕನ್ನಡದ ರಾಂಪತ್ರೆ ಜಡ್ಡಿಗಳನ್ನೇ ನೋಡಿ. ಹಲವು ಜಡ್ಡಿಗಳು ಒಂದೆರಡು ಎಕರೆಯನ್ನೂ ಮೀರವು. ನಿತ್ಯಹರಿದ್ವರ್ಣದ ಚಪ್ಪರದಡಿ ಅಡಗಿವೆ. ಕಪ್ಪು ಕೆಸರಿನಲ್ಲಿ ಕಾಲು ಹೂತಾಗ, ಮೊಣಕಾಲಿನಂತೆ ಮೇಲೆದ್ದ ಬೇರನ್ನು ಎಡವಿದಾಗಲೇ ಜಡ್ಡಿ ಇದೆಯೆಂದು ತಿಳಿಯುವುದು. ಬೇಸಗೆಯಲ್ಲೂ ಕೆಳಗಿನ ತೋಟಕ್ಕೆ ನೀರು ಇಳಿಯುವುದು ಇಂಥಲ್ಲಿಂದ. ನಕ್ಷೆಯಲ್ಲಿಲ್ಲದ ಜಡ್ಡಿಯ ಮೇಲೆ ರಸ್ತೆಯ ಗೆರೆ ಎಳೆಯುವವನಿಗೆ ಅಳುಕೇನಿದ್ದೀತು?

ಇನ್ನು ಕಾನೂನಿನ ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮದ ಅರಣ್ಯ ಹಕ್ಕು ಸಮಿತಿಯೇ ಹಕ್ಕಿನ ಜಾಗದ ನಕ್ಷೆಯನ್ನು ಸಿದ್ಧಪಡಿಸಬೇಕು. ನಕ್ಷೆ ತಯಾರಿಕೆಗಿದ್ದ ಪೂರ್ವಾನುಮತಿಯ ಕಟ್ಟುಪಾಡುಗಳನ್ನು ಕೇಂದ್ರ ಸರಕಾರ 2021ರ ಫೆಬ್ರುವರಿಯಲ್ಲಿ ಬಹುಮಟ್ಟಿಗೆ ಸಡಿಲಿಸಿದೆ. ಕ್ಯೂಜಿಐಎಸ್‌ನಂಥ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಸಮೋನ್ನತಿ ರೇಖೆಯನ್ನು ಪರೀಕ್ಷೆಯ ಎರಡು ಅಂಕಕ್ಕಾಗಿ ಉರುಹೊಡೆದ ವಿದ್ಯಾರ್ಥಿಗಳೇ, ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ನಿಮ್ಮ ಊರಿನ ಗುಡ್ಡ ಹತ್ತಿರಿ. ರೇಖೆಗಳು ಒತ್ತಾದಲ್ಲಿ ಉಸಿರೂ ಬಿಗಿಯಾಗುವುದು ಅರಿವಿಗೆ ಬಂದೀತು. ಭೂಗೋಳ ಪದವಿಯೂ ಗಣಕಯಂತ್ರದ ತರಬೇತಿಯೂ ಅದರ ಹಿಂದೆ ಬರಲಿ.

ಆದರೂ ಒಂದು ಎಚ್ಚರಿಕೆ. ನಿಖರವಾದ ನಕ್ಷೆ ಕಳ್ಳನಿಗೂ ದಾರಿ ತೋರಿಸುತ್ತದೆ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದೊಯ್ಯುವವರನ್ನು ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾವ ಹಳ್ಳದ ದಂಡೆಯ ಅಪ್ಪೆಮರವನ್ನು ನಕ್ಷೆಯಲ್ಲಿ ಕಾಣಿಸಬಾರದೆಂಬುದು ಆ ದಂಡೆಯಲ್ಲಿ ನಡೆದಾಡಿದವರಿಗಷ್ಟೇ ಗೊತ್ತು.